ಕಂಸದೊಳಗೆ ಬರೆದದ್ದು

"ತೆಗೀರಿ ಅದನ್ನ!"

ಕೇಂದ್ರದ ಮುಖ್ಯಸ್ಥರು ಅಕ್ಕನ ಎದೆಯ ಮೇಲಿಡಲು ಬಗ್ಗಿ ಹಿಡಿದಿದ್ದ ಹಾರವನ್ನು ತಂಗಿ ಎರಡೂ ಕೈಯಿಂದ ತಳ್ಳಿದಳು. "ಹತ್ತೊಂಬತ್ತು ವರ್ಷ ದುಡಿದವಳನ್ನ ಒಂದು ಚೀಟಿ ಕೊಟ್ಟು ಆಚೆ ಹಾಕಿದ್ರಿ. ಈಗ ಯಾವ ಮುಖ ಇಟ್ಕೊಂಡು ಹೂವು ತಂದ್ರಿ?"

"ಸಾವಿನ ಮನೇಲಿ ಕೂಗಾಡ್ಬಾರ್ದಮ್ಮ. ಅವರಾಗೇ ಬಿಟ್ರು. ವಿಶ್ರಾಂತಿ ಬೇಕು ಅಂದ್ರು." ಕೂತವರಿಗೆಲ್ಲ ಕೇಳಲೆಂದೇ ಅವರು ಗಟ್ಟಿಯಾಗಿ ಹೇಳಿದರು.

ಪಕ್ಕದ ಮನೆಯ ಅಜ್ಜಿ ಗೊಣಗಿದಳು: "ಎಲುಬಿಲ್ಲದ ನಾಲಿಗೆ. ಸತ್ತವಳು ಎದ್ದು ಬಂದು ಇಲ್ಲ ಅಂತಾಳಾ?"

ಬಾಗಿಲಲ್ಲಿ ಬಡಗಿ ನಿಂತಿದ್ದ. ಅವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಅವನ ಹೆಂಡತಿ ಒಳಗಿನ ಮಾತನ್ನೆಲ್ಲ ಬೆರಳಾಡಿಸಿ ತಿಳಿಸುತ್ತಿದ್ದಳು. 'ಅವರಾಗೇ ಬಿಟ್ರು' ಎಂದು ತಿಳಿಸಿದ ಮೇಲೆ ಅವಳ ಬೆರಳು ನಿಂತಿತು. ತಾನೇ ಉತ್ತರ ಕೊಡಲು ಬಾಯಿ ತೆರೆದಳು. ಬಡಗಿ ಅವಳ ಕೈ ಹಿಡಿದು ತಡೆದ. ಜೇಬಿನಿಂದ ಫೋನು ತೆಗೆದ.

*

ಕೇಂದ್ರದಲ್ಲಿ ಅಕ್ಕನ ಕೆಲಸ ಇಷ್ಟೇ: ಕಿವಿ ಕೇಳದವರು ಬರೆದು ಕಳಿಸಿದ್ದನ್ನು ಆ ತುದಿಯವರಿಗೆ ಫೋನಿನಲ್ಲಿ ಓದಿ ಹೇಳುವುದು, ಅವರು ಆಡಿದ್ದನ್ನು ಬರೆದು ತಿಳಿಸುವುದು, ಒಬ್ಬರ ಮಾತು ಮುಗಿದಾಗ 'ಈಗ ನೀವು ಹೇಳಿ' ಎಂದು ಇನ್ನೊಬ್ಬರಿಗೆ ಸರದಿ ಕೊಡುವುದು. ಬೈಗುಳವಿದ್ದರೆ ಬೈಗುಳವನ್ನೇ. ತನ್ನದೊಂದು ಮಾತು ಸೇರಿಸುವಂತಿಲ್ಲ, ಕರೆ ಕತ್ತರಿಸುವಂತಿಲ್ಲ. ನಿಯಮ ಮಾಡಿದವರು ಮುಖ್ಯಸ್ಥರೇ. ತನ್ನ ನಾಲಿಗೆಯನ್ನು ದೇವರು ಪರರಿಗಾಗಿ ಕೊಟ್ಟನೆಂದು ನಂಬಿ ಅಕ್ಕ ಹಾಗೇ ನಡೆದಳು. ಕಿವಿಗೆ ಬಿದ್ದ ಸದ್ದನ್ನು ಮಾತ್ರ ಕಂಸದೊಳಗೆ ಬರೆಯುತ್ತಿದ್ದಳು: (ನಗುತ್ತಿದ್ದಾರೆ), (ಬೇಸರದ ದನಿ), (ಹಿಂದೆ ಮಗು ಅಳುತ್ತಿದೆ). ಬಡಗಿಗೆ ಲೋಕದ ಸದ್ದು ತಲುಪಿದ್ದು ಆ ಕಂಸಗಳಿಂದಲೇ.

ಹೋದ ವರ್ಷ ಅವನ ಹೆಂಡತಿ ಉಸಿರು ಕಟ್ಟಿ ಬಿದ್ದಳು. ಗಾಡಿ ಬೇಕೆಂದು ಅವನು ಬರೆದದ್ದನ್ನು ಅಕ್ಕ ಆಸ್ಪತ್ರೆಗೆ ಓದಿ ಹೇಳಿದಳು. ಆಸ್ಪತ್ರೆಯ ಗುಮಾಸ್ತ, "ಊಟ ಆದ್ಮೇಲೆ ಗಾಡಿ ಕಳಿಸ್ತೀವಿ, ಕಾಯೋಕೆ ಹೇಳಮ್ಮ" ಎಂದ.

ಅಕ್ಕ ಅದನ್ನು ಬರೆಯಲಿಲ್ಲ. "ತಟ್ಟೆ ಬಿಟ್ಟು ಏಳಯ್ಯ! ಅಲ್ಲೊಂದು ಜೀವ ಹೋಗ್ತಿದೆ!" ಎಂದು ತನ್ನದೇ ಮಾತಿನಲ್ಲಿ ಕಿರುಚಿದಳು.

ಗಾಡಿ ಬಂತು. ಜೀವ ಉಳಿಯಿತು. ಗುಮಾಸ್ತ ದೂರು ಕೊಟ್ಟ. ಮರುದಿನದಿಂದ ಬಡಗಿಯ ಪರದೆಯಲ್ಲಿ ಕಂಸಗಳು ನಿಂತುಹೋದವು. ಆ ಕುರ್ಚಿಯಲ್ಲಿ ಅಕ್ಕನಿಲ್ಲವೆಂದು ಅವನಿಗೆ ತಿಳಿದದ್ದು ಹಾಗೆ. ಯಾಕೆಂದು ಆಮೇಲೆ ತಂಗಿಯಿಂದ ತಿಳಿಯಿತು.

*

ಮುಖ್ಯಸ್ಥರ ಫೋನು ಹೊಡೆದುಕೊಂಡಿತು. ಕೇಂದ್ರದ ಸಂಖ್ಯೆ. ಒಂದು ಕೈಯಲ್ಲಿ ಹಾರವಿತ್ತು. ಇನ್ನೊಂದರಿಂದ ಸ್ಪೀಕರ್ ಒತ್ತಿದರು.

"ನಮಸ್ಕಾರ. ಒಬ್ಬರು ಬರೆದದ್ದನ್ನ ಓದಿ ಹೇಳ್ತೀನಿ." ಅಕ್ಕನ ಕುರ್ಚಿಗೆ ಬಂದ ಹುಡುಗಿಯ ದನಿ. "ನಾನು ಬಡಗಿ. ಬಾಗಿಲಲ್ಲೇ ನಿಂತಿದ್ದೀನಿ, ನೋಡು."

ಎಲ್ಲರೂ ತಿರುಗಿದರು. ಬಡಗಿಯ ಹೆಬ್ಬೆರಳುಗಳು ಪರದೆಯನ್ನು ಕುಟ್ಟುತ್ತಿದ್ದವು.

"ಹಾರ ಕೆಳಗಿಡೋ, ಸುಳ್ಳುಬುರುಕ. ನನ್ನ ಹೆಂಡತಿ ಬದುಕಿರೋದು ಈ ತಾಯಿ ಬಾಯಿ ಬಿಟ್ಟಿದ್ದಕ್ಕೆ. ಅದಕ್ಕೇ ಅವರ ಕೆಲಸ ಕಿತ್ಕೊಂಡೆ. ಅವರ ಹೆಣದ ಮುಂದೆಯೇ ಸುಳ್ಳು ಹೇಳ್ತೀಯಾ? ನಿನ್ನ ನಾಲಿಗೆ ಸೇದುಹೋಗ! ಈಗ ನೀವು ಹೇಳಿ."

"ಏಯ್! ಕಟ್ ಮಾಡು! ನಾನ್ಯಾರು ಗೊತ್ತಾಗ್ಲಿಲ್ವಾ?" ಮುಖ್ಯಸ್ಥರು ಹುಡುಗಿಗೆ ಗದರಿದರು.

ಅತ್ತ ಕಡೆಯಿಂದ ಟಕಟಕ ಸದ್ದು ಬಂತು. ಹುಡುಗಿ ಅದನ್ನೂ ಬರೆಯುತ್ತಿದ್ದಳು. ಮುಖ್ಯಸ್ಥರೇ ಕರೆ ನಿಲ್ಲಿಸಹೋದಾಗ ತಂಗಿ ಫೋನು ಕಿತ್ತುಕೊಂಡು ಅಕ್ಕನ ತಲೆಯ ಪಕ್ಕದಲ್ಲಿಟ್ಟಳು.

"ಗೊತ್ತು. ಕರೆ ಕತ್ತರಿಸಬಾರದು ಅಂತ ನಿಯಮ ಮಾಡಿದವನು ನೀನೇ. ಅವರನ್ನ ಯಾಕೆ ತೆಗೆದೆ? ಇಷ್ಟು ಜನರ ಮುಂದೆ ಹೇಳು." ಬಡಗಿಯ ಉತ್ತರವನ್ನು ಹುಡುಗಿ ಓದುತ್ತಲೇ ಹೋದಳು. "ಈಗ ನೀವು ಹೇಳಿ."

"ಹೇಳಪ್ಪ, ನಿನ್ನ ಸರದಿ," ಎಂದಳು ಅಜ್ಜಿ.

ಮುಖ್ಯಸ್ಥರು ಬಾಗಿಲ ಕಡೆ ನೋಡಿದರು. ಹಾರ ಕೈಯಿಂದ ನೇತಾಡುತ್ತಿತ್ತು. ತಂಗಿ ಅಕ್ಕನ ಮೇಲೆ ಬಗ್ಗಿ ಬಿಕ್ಕಿದಳು.

ಬಡಗಿ ಪರದೆಯನ್ನೇ ನೋಡುತ್ತಿದ್ದ. ಒಂದು ವರ್ಷದ ಮೇಲೆ ಅಲ್ಲೊಂದು ಕಂಸ ಮೂಡಿತು:

(ಮಾತಿಲ್ಲ. ಹತ್ತಿರದಲ್ಲಿ ಯಾರೋ ಅಳುತ್ತಿದ್ದಾರೆ.)