ಮುಲಾಮು ಹಚ್ಚಿದವರು

ಕಡಬದ ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಯಾರ ಕೈ ಕೊಯ್ದರೂ, ಯಾವ ಮಗುವಿನ ಮಂಡಿ ತರಚಿದರೂ ಮೊದಲು ಹೋಗುತ್ತಿದ್ದದ್ದು ಸಿದ್ದಲಕ್ಷ್ಮಮ್ಮನ ಮನೆಗೆ. ಅವಳ ಗಂಡ ಪುಟ್ಟರಂಗಯ್ಯ ತೆಂಗಿನಕಾಯಿ ಸುಲಿಯುವವರ ಗುಂಪಿನ ಮೇಸ್ತ್ರಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ದಿನಕ್ಕೆ ಸಾವಿರ ಕಾಯಿ ಕುಕ್ಕುವ ಕೆಲಸದಲ್ಲಿ ಬೆರಳು ಸೀಳದ ದಿನವೇ ಇರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಆಳುಗಳು ಗಾಯಕ್ಕೆ ಬೀಡಿ ಬೂದಿ ಮೆತ್ತಿಕೊಳ್ಳುವುದನ್ನು ನೋಡಿ, ಹುಲಿಯೂರುದುರ್ಗದ ತವರಿನಲ್ಲಿ ತಾಯಿ ಮಾಡುತ್ತಿದ್ದ ಮುಲಾಮನ್ನು ಅವಳೂ ಮಾಡತೊಡಗಿದ್ದಳು. ಅದಕ್ಕೀಗ ಮೂವತ್ತು ವರ್ಷ.

ಬದುವಿನ ಗರಿಕೆ, ಬೇವಿನ ಎಳೆಸೊಪ್ಪು, ತುಂಬೆ. ಮೂರು ನೀರಿನಲ್ಲಿ ತೊಳೆದು ನೆರಳಲ್ಲಿ ಹಳೆ ಪಂಚೆಯ ಮೇಲೆ ಹರವಿ, ಒಂದು ಹನಿ ನೀರೂ ಉಳಿಯದಂತೆ ಆರಿಸುತ್ತಿದ್ದಳು. ನೀರು ಉಳಿದರೆ ಮುಲಾಮಿಗೆ ಬೂಷ್ಟು ಬರುತ್ತದೆ. ಆಮೇಲೆ ಗಾಣದ ಕೊಬ್ಬರಿ ಎಣ್ಣೆಯಲ್ಲಿ, ಕುದಿಯಲು ಬಿಡದ ಸಣ್ಣ ಉರಿಯಲ್ಲಿ, ಸೊಪ್ಪಿನ ಚಟಪಟ ನಿಂತು ಎಲೆ ಗರಿಗರಿಯಾಗುವ ತನಕ ಕೈಯಾಡಿಸಬೇಕು. ಇಳಿಸುವ ಹೊತ್ತಿಗೆ ಕೊಂಬಿನ ಅರಿಶಿನದ ಪುಡಿ. ಬಿಳಿ ಬಟ್ಟೆಯಲ್ಲಿ ಸೋಸಿ, ಜೇನುಮೇಣ ಕರಗಿಸಿ, ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ನೋಡುತ್ತಿದ್ದಳು. ಬೆರಳಿಗೆ ಬೆಣ್ಣೆಯಂತೆ ಸಿಕ್ಕಿದರೆ ಸರಿ. ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಡಬ್ಬಿಗಳಿಗೆ ತುಂಬಿ, ಕೇಳಿದವರಿಗೆ ಸುಮ್ಮನೆ ಕೊಡುತ್ತಿದ್ದಳು.

ಸುಮ್ಮನೆ ಎಂದರೆ ದುಡ್ಡಿಲ್ಲದೆ. ಮಾತಿಲ್ಲದೆ ಅಲ್ಲ. "ತರಚಿದ್ದಕ್ಕೆ, ಒಡೆದ ಹಿಮ್ಮಡಿಗೆ, ಮೇಲ್‌ಮೇಲೆ ಕೊಯ್ದಿದ್ದಕ್ಕೆ ಅಷ್ಟೇಯ. ಸೋಪು ನೀರಲ್ಲಿ ತೊಳ್ದು ಹಚ್ಕಳಿ. ಆಳ ಇದ್ರೆ, ಕೀವಾದ್ರೆ, ಸಕ್ಕರೆ ಕಾಯ್ಲೆಯೋರ ಕಾಲಿಗಾದ್ರೆ ಆಸ್ಪತ್ರೆಗೋಗಿ. ಇದ್ರಲ್ಲಿ ಆಗಾಕಿಲ್ಲ." ಪ್ರತಿ ಡಬ್ಬಿಯ ಜೊತೆ ಇಷ್ಟನ್ನೂ ಹೇಳುತ್ತಿದ್ದಳು. ಕೇಳುವವರಿಗೆ ಬೇಜಾರಾಗಿ ಅವಳ ಜೊತೆಯಲ್ಲೇ ಬಾಯಿಪಾಠ ಒಪ್ಪಿಸಿ ನಗುತ್ತಿದ್ದರು.

ಪುಟ್ಟರಂಗಯ್ಯನಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದ. ಕಳೆದ ಮಾಘದಲ್ಲಿ ಒಂದು ದಿನ ಅವನ ಬಲಗಾಲಿನ ಚಪ್ಪಲಿಯಲ್ಲಿ ರಕ್ತ ಕಂಡಳು. ಹೆಬ್ಬೆರಳಿನ ಬುಡದಲ್ಲಿ ಕಬ್ಬಿಣದ ಚೂರು ಹೊಕ್ಕಿತ್ತು. ಕಾಯಿಲೆಯಿಂದ ಜೋಮು ಹಿಡಿದ ಪಾದ, ಅವನಿಗೆ ಗೊತ್ತೇ ಆಗಿರಲಿಲ್ಲ.

"ನಡೀರಿ, ಗುಬ್ಬಿ ಆಸ್ಪತ್ರೆಗೆ ಹೋಗಣ" ಎಂದಳು.

"ಇಷ್ಟಕ್ಕೆಲ್ಲ ಆಸ್ಪತ್ರೆಯಾ? ಬುಡು ಬುಡು."

ಅವನ ಅಣ್ಣ ಹೀಗೆಯೇ ಒಂದು ಬೆರಳಿನ ಹುಣ್ಣಿಗೆ ಆಸ್ಪತ್ರೆ ಸೇರಿ, ಮೊದಲು ಬೆರಳು, ಆಮೇಲೆ ಪಾದ, ಕೊನೆಗೆ ಜೀವವನ್ನೇ ಕಳೆದುಕೊಂಡಿದ್ದ. ಪುಟ್ಟರಂಗಯ್ಯ ಆ ಮಾತು ಎತ್ತಲಿಲ್ಲ. ಆದರೆ ಅವನ ಮುಖದಲ್ಲಿ ಅದೇ ಇತ್ತು ಎಂಬುದು ಅವಳಿಗೆ ತಿಳಿಯಿತು.

ಮೂರನೆಯ ದಿನ ಅವನು ಕಾಲಿಗೆ ಸುತ್ತಿದ್ದ ಬಟ್ಟೆಯಲ್ಲಿ ಅರಿಶಿನದ ಕಲೆ ಕಂಡಿತು. ತಾನೇ ಅಟ್ಟದಿಂದ ಡಬ್ಬಿ ತೆಗೆದು ಮುಲಾಮು ಮೆತ್ತಿ ಬಿಗಿಯಾಗಿ ಕಟ್ಟಿಕೊಂಡಿದ್ದ. ಸಿದ್ದಲಕ್ಷ್ಮಮ್ಮ ಡಬ್ಬಿ ಕಿತ್ತುಕೊಂಡಳು.

"ನಿಮ್ಗೆ ಇದು ಆಗಾಕಿಲ್ಲ ಅಂತ ಎಷ್ಟ್ ಸಲ ಹೇಳ್ಳಿ?"

"ಊರೋರ್ಗೆಲ್ಲ ವಾಸಿ ಮಾಡ್ತೀಯ, ಕಟ್ಕಂಡ ಗಂಡಂಗೆ ಮಾತ್ರ ಇಲ್ವೇನೇ?"

ಅವಳು ಡಬ್ಬಿಗಳನ್ನೆಲ್ಲ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಳು. ಅವನು ರಂಗಣ್ಣನ ಮನೆಯಲ್ಲಿದ್ದ ಡಬ್ಬಿ ಇಸಿದುಕೊಂಡು ಬಂದ. ರಂಗಣ್ಣ ಅವನ ಗುಂಪಿನವನೇ, ಪಕ್ಕದ ಮನೆಯವನು. ಕೈಗೆ ಅಂತ ಹೇಳಿದ್ದನ್ನು ನಂಬಿ ಕೊಟ್ಟಿದ್ದ. ನಾಲ್ಕನೆಯ ದಿನ ಸಿದ್ದಲಕ್ಷ್ಮಮ್ಮ ಮಗಳು ಅಕ್ಷತಾಗೆ ಫೋನ್ ಮಾಡಿದಳು. ಅಕ್ಷತಾ ಮದುವೆಯಾಗಿ ತುಮಕೂರಿನ ಸದಾಶಿವನಗರದಲ್ಲಿದ್ದಳು, ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಅಪ್ಪ ಯಾರ ಮಾತು ಕೇಳದಿದ್ದರೂ ಅವಳ ಮಾತು ಕೇಳುತ್ತಿದ್ದ.

"ಪ್ರಿಪರೇಟರಿ ಎಕ್ಸಾಮ್ ನಡೀತಿದೆ ಅಮ್ಮ. ಭಾನುವಾರ ಕಾರ್ ಮಾಡ್ಕೊಂಡು ಬಂದು ನಾನೇ ಕರ್ಕೊಂಡ್ ಹೋಗ್ತೀನಿ. ಅಪ್ಪಂಗೆ ಈಗ್ಲೇ ಏನೂ ಹೇಳ್ಬೇಡ, ಹಟ ಮಾಡ್ತಾರೆ."

ಆ ಭಾನುವಾರ ಅವಳು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಹದಿಮೂರನೆಯ ದಿನ ಪುಟ್ಟರಂಗಯ್ಯನಿಗೆ ಚಳಿಜ್ವರ ಬಂದು, ಪಾದ ಬೂದುಗುಂಬಳದಷ್ಟು ಊದಿ, ಮನೆಯೆಲ್ಲ ವಾಸನೆಯಾದಾಗ ರಂಗಣ್ಣನೇ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ತುಮಕೂರಿಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿದ ಡಾಕ್ಟರಿಗೆ ಹಳದಿ ಎಣ್ಣೆ ಜಿಡ್ಡು ಕಂಡಿತು. "ಏನ್ರೀ ಇದು? ಯಾರ್ ಹಚ್ಚಿದ್ದು?"

ಮಂಚದ ಸುತ್ತ ಅಕ್ಷತಾ, ರಂಗಣ್ಣ, ಇಬ್ಬರು ನರ್ಸುಗಳು ನಿಂತಿದ್ದರು. ಪುಟ್ಟರಂಗಯ್ಯ ಹೆಂಡತಿಯ ಕಡೆ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದ.

"ಇವ್ಳೇ ಸಾ. ಮನೇಲಿ ಮಾಡ್ತಾಳೆ. ಆಸ್ಪತ್ರೆ ಬ್ಯಾಡ, ಇದ್ರಲ್ಲೇ ವಾಸಿ ಮಾಡ್ತೀನಿ ಅಂದ್ಲು."

ಸಿದ್ದಲಕ್ಷ್ಮಮ್ಮನಿಗೆ ತಾನು ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು.

"ಸಕ್ಕರೆ ಕಾಯಿಲೆಯವರ ಗಾಯಕ್ಕೆ ಎಣ್ಣೆ ಮೆತ್ತಿ ಕಟ್ಟಿದ್ರೆ ಒಳಗೊಳಗೇ ಕೊಳೆಯುತ್ತಮ್ಮ. ಇಷ್ಟೂ ಗೊತ್ತಾಗಲ್ವಾ?" ಡಾಕ್ಟರ್ ವಾರ್ಡಿಗೆಲ್ಲ ಕೇಳುವ ಹಾಗೆ ಬೈದರು. "ಕಾಲು ತೆಗೀಬೇಕಾಗುತ್ತೆ. ನಿಮ್ಮಿಂದ."

ಅವಳ ಬಾಯಿಗೆ ಮಾತು ಬಂದಿತ್ತು. ಆದರೆ ಬೆಳಗಾದರೆ ಗಂಡನಿಗೆ ಆಪರೇಷನ್. ಹೆದರಿಕೊಂಡಿದ್ದಾರೆ, ಏನೋ ಬಾಯಿಗೆ ಬಂದದ್ದು ಅಂದುಬಿಟ್ಟರು, ಸರಿಹೋದ ಮೇಲೆ ತಾವೇ ಹೇಳುತ್ತಾರೆ ಎಂದುಕೊಂಡು ಸುಮ್ಮನಾದಳು. ಮಗಳ ಕಡೆ ನೋಡಿದಳು. ಅಕ್ಷತಾ ತಲೆ ತಗ್ಗಿಸಿ ಆಸ್ಪತ್ರೆಯ ಫಾರಂ ತುಂಬುತ್ತಿದ್ದಳು.

ಮೊಣಕಾಲಿನ ಕೆಳಗೆ ತೆಗೆದರು.

ಊರಿಗೆ ಮರಳುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ನೋಡಲು ಬಂದವರಿಗೆಲ್ಲ ಪುಟ್ಟರಂಗಯ್ಯ ಅದನ್ನೇ ಹೇಳಿದ. ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಮೂಡಿದವು. ಆಸ್ಪತ್ರೆಗೆ ಹೊರಟವನನ್ನು ಅವಳು ಬಾಗಿಲಲ್ಲಿ ತಡೆದಳಂತೆ. ಮಗಳಿಗೆ ತಿಳಿಸಬೇಡಿ ಅಂದಳಂತೆ. ಬೀದಿಯ ಹೆಂಗಸರು ಅವಳ ಡಬ್ಬಿಗಳನ್ನು ತಂದು ಜಗಲಿಯ ಮೇಲಿಟ್ಟು ಹೋದರು. ಒಬ್ಬರೂ ಒಳಗೆ ಬರಲಿಲ್ಲ. ಆಟವಾಡುತ್ತ ಬಿದ್ದ ಹುಡುಗಿಯೊಬ್ಬಳ ಮಂಡಿ ತೊಳೆಯಲು ಬಗ್ಗಿದಾಗ ಅವಳ ಅಜ್ಜಿ ಓಡಿ ಬಂದು ಮಗುವನ್ನು ಎಳೆದುಕೊಂಡು ಹೋದಳು.

ದಿನಾ ಬೆಳಿಗ್ಗೆ ಗಂಡನ ಮೋಟುಗಾಲಿನ ಬ್ಯಾಂಡೇಜು ಬಿಚ್ಚಿ, ನರ್ಸು ಕಲಿಸಿದಂತೆ ಒರೆಸಿ, ಹೊಸದು ಕಟ್ಟುವವಳು ಅವಳೇ. ಮೂರು ತಿಂಗಳಾದ ಮೇಲೆ ಒಂದು ದಿನ ಬಟ್ಟೆ ಸುತ್ತುತ್ತಲೇ ಕೇಳಿದಳು:

"ಯಾಕಂದ್ರಿ ಹಂಗೆ?"

"ಇನ್ನೇನನ್ಲಿ? ಮೇಸ್ತ್ರಿ ಆಸ್ಪತ್ರೆಗೆ ಹೆದ್ರಿ ಕಾಲ್ ಕಳ್ಕಂಡ ಅಂತ ಆಳುಗಳ ಮುಂದೆ ಹೇಳ್ಕಳ್ಲಾ?"

"ನನ್ ಮಾನ?"

"ನಿಂಗೇನಾಗೈತೆ ಈಗ? ನಿನ್ ಕಾಲು ಎರಡೂ ನೆಟ್ಟಗವಲ್ಲ."

ಅವಳು ಗಂಟು ಹಾಕಿ ಎದ್ದಳು. ಅಡುಗೆಮನೆಗೆ ಹೋಗಿ ಕೈ ತೊಳೆದಳು, ಮತ್ತೆ ತೊಳೆದಳು. ಡಬ್ಬಿಗಳನ್ನು ಬಚ್ಚಿಡುವ ಬದಲು ಚರಂಡಿಗೆ ಸುರಿದಿದ್ದರೆ, ಊರಿಗೆಲ್ಲ ಹಂಚದೇ ಇದ್ದಿದ್ದರೆ, ಹಚ್ಚಿಕೊಳ್ಳಲು ಏನೂ ಸಿಗದೆ ಆಸ್ಪತ್ರೆಗೆ ಹೋಗುತ್ತಿದ್ದರೇನೋ ಎಂಬ ಯೋಚನೆ ಅವಳನ್ನು ಅಷ್ಟು ದಿನವೂ ಕೊರೆದಿತ್ತು. ಆ ಮಾತನ್ನು ಅವನಿಗೆ ಹೇಳಿ ಅತ್ತುಬಿಡಬೇಕೆಂದೂ ಇದ್ದಳು. ಈಗ ಅಳು ಬರಲಿಲ್ಲ.

ಮಾರನೆಯ ದಿನವೇ ಬಸ್ಸು ಹತ್ತಿ ತುಮಕೂರಿಗೆ ಹೋದಳು. ಅಕ್ಷತಾ ಕಾಫಿ ಕೊಟ್ಟಳು, ತಿಂಡಿ ಕೊಟ್ಟಳು. ಅಮ್ಮ ಮಾತು ಮುಗಿಸುವ ತನಕ ಸೋಫಾದ ಅಂಚಿನ ದಾರ ಎಳೆಯುತ್ತ ಕೂತಿದ್ದಳು.

"ನಾನು ನಿಂಗೆ ಫೋನ್ ಮಾಡಿದ್ನಾ ಇಲ್ವಾ, ನಾಲ್ಕನೇ ದಿನ?"

"ಮಾಡಿದ್ದೆ."

"ಗೊತ್ತಿದ್ದೂ ಸುಮ್ನಿದ್ಯಲ್ಲೇ."

ಅಕ್ಷತಾಳ ಕಣ್ಣು ತುಂಬಿತು. "ಏನಂತ ಹೇಳ್ಲಿ ಅಮ್ಮ? ನಾನು ಎರಡು ಭಾನುವಾರ ಬರ್ಲಿಲ್ಲ ಅಂತಾನಾ? ಇವ್ರ ಮನೆಯವ್ರ ಮುಂದೆ, ಡಾಕ್ಟ್ರ ಮುಂದೆ? ಅಪ್ಪ ಆಗ್ಲೇ ಹೇಳ್ಬಿಟ್ಟಿದ್ರು. ಈಗ ಕಾಲು ಹೋದ ಮನುಷ್ಯನ್ನ ಸುಳ್ಳ ಅನ್ನಿಸಿ ನಿಂಗೇನ್ ಸಿಗುತ್ತೆ? ಜನ ನಾಲ್ಕ್ ದಿನ ಮಾತಾಡ್ತಾರೆ, ಮರೀತಾರೆ."

ಸಿದ್ದಲಕ್ಷ್ಮಮ್ಮ ತಟ್ಟೆಯನ್ನು ಮುಟ್ಟದೆ ಎದ್ದು ಬಂದಳು.

ಅದಾದ ವಾರಕ್ಕೆ ರಂಗಣ್ಣ ಅಂಗೈ ಸೀಳಿಕೊಂಡು ಬಂದ. ಹಿತ್ತಲ ಬಾಗಿಲಿಗೆ ಬಂದು ಪಿಸುಗುಟ್ಟಿದ: "ಲಕ್ಷ್ಮಕ್ಕ, ಒಂಚೂರು ನಿನ್ ಮುಲಾಮಿದ್ರೆ ಕೊಡು. ಯಾರ್ಗೂ ಹೇಳಾಕಿಲ್ಲ."

ಅವಳು ಅವನನ್ನು ನಡುಮನೆಗೆ ಕರೆದಳು. ಪುಟ್ಟರಂಗಯ್ಯ ಮಂಚದ ಮೇಲಿದ್ದ, ಕಾಯಿ ಲೋಡಿನ ವಿಷಯ ಮಾತಾಡಲು ಗುಂಪಿನ ಇನ್ನಿಬ್ಬರು ಕೂತಿದ್ದರು.

"ರಂಗಣ್ಣ ಮುಲಾಮು ಕೇಳ್ತಾವ್ನೆ" ಎಂದಳು ಗಂಡನಿಗೆ. "ನೀವೇ ಹೇಳಿ. ಕೊಡ್ಲಾ, ಬ್ಯಾಡ್ವಾ? ನಾನು ಏನಂತ ಹೇಳಿ ಕೊಡ್ತಿದ್ದೆ, ಅದ್ನೂ ಹೇಳಿ."

ಮೂವರೂ ಪುಟ್ಟರಂಗಯ್ಯನ ಮುಖ ನೋಡಿದರು. ತನ್ನ ಮನೆಯ ಡಬ್ಬಿಯನ್ನೇ ಮೇಸ್ತ್ರಿ ಆ ದಿನ ಇಸಿದುಕೊಂಡು ಹೋಗಿದ್ದರಿಂದ ರಂಗಣ್ಣನಿಗೆ ಅರ್ಧ ಗೊತ್ತಿತ್ತು. ಪುಟ್ಟರಂಗಯ್ಯ ಹೊದಿಕೆಯನ್ನು ಮೋಟುಗಾಲಿನ ಮೇಲೆ ಎಳೆದುಕೊಂಡ.

"ನನ್ ಗತಿ ನೋಡಿದ್ಮೇಲೂ ಕೇಳ್ತೀಯೇನ್ಲಾ? ಅವ್ಳ ಔಷ್ದಿ ಮುಟ್ಬ್ಯಾಡ, ಹೋಗು."

ರಂಗಣ್ಣ ಸೀಳಿದ ಕೈ ಹಿಡಿದುಕೊಂಡು ಹಿತ್ತಲ ಕಡೆ ತಿರುಗಿದ. ಸಿದ್ದಲಕ್ಷ್ಮಮ್ಮ ಅವನ ಕೈಯನ್ನು ಸೋಪು ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಕಟ್ಟಿದಳು. "ಆಳ ಐತೆ. ಹೊಲಿಗೆ ಬೀಳ್ತದೆ. ಈಗ್ಲೇ ಗುಬ್ಬಿಗೆ ಹೋಗಿ ಇಂಜೆಕ್ಷನ್ ತಗಾ."

ಶನಿವಾರ ಅಕ್ಷತಾಗೆ ಫೋನ್ ಮಾಡಿ, ನಾಳೆ ಬಂದು ಅಪ್ಪನನ್ನು ನೋಡಿಕೋ ಎಂದಳು. ಈ ಸಲ ಅಕ್ಷತಾ ಬಂದಳು. ಬ್ಯಾಂಡೇಜು ಕಟ್ಟುವ ಬಗೆಯನ್ನು ಎರಡು ಸಲ ತೋರಿಸಿ, ಮಾತ್ರೆಗಳ ಹೊತ್ತು ಹೇಳಿ, ಸಿದ್ದಲಕ್ಷ್ಮಮ್ಮ ನಾಲ್ಕು ಸೀರೆಯ ಚೀಲ ಹಿಡಿದು ಹೊರಟಳು. ಗುಬ್ಬಿ, ತುಮಕೂರು, ಕುಣಿಗಲ್ ದಾಟಿ ಹುಲಿಯೂರುದುರ್ಗಕ್ಕೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅಲ್ಲಿ ಅವಳ ತಮ್ಮ ಅಂಜನ್‌ಕುಮಾರನದು ಸಣ್ಣ ದಿನಸಿ ಅಂಗಡಿ. ಅವನು ಏನೂ ಕೇಳಲಿಲ್ಲ. ಅವನ ಹೆಂಡತಿ ಎರಡು ದಿನ ತಡೆದು ಕೇಳಿದಾಗ ಸಿದ್ದಲಕ್ಷ್ಮಮ್ಮ ಎಲ್ಲ ಹೇಳಿದಳು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲೊಂದರಲ್ಲಿ ಚಟ್ನಿ, ಪಲ್ಯದ ಕೆಲಸ ಸಿಕ್ಕಿತು.

ಮೂರು ವಾರಕ್ಕೆ ಪುಟ್ಟರಂಗಯ್ಯನ ಫೋನ್ ಬಂತು. "ಬಾರೇ ಸಾಕು. ಎಲ್ರಿಗೂ ಹೇಳ್ತೀನಂತೆ ಬುಡು, ನಂದೇ ತಪ್ಪು ಅಂತ."

"ಮೊದ್ಲು ಹೇಳಿ. ಹೇಳಿದ್ರು ಅಂತ ರಂಗಣ್ಣನ ಕೈಲೇ ಫೋನ್ ಮಾಡ್ಸಿ. ಆಮೇಲೆ ನೋಡಣ."

ಅವನು ಕಟ್ ಮಾಡಿದ. ರಂಗಣ್ಣನಿಂದ ಫೋನ್ ಬರಲಿಲ್ಲ. ಬಂದದ್ದು ಅಕ್ಷತಾಳಿಂದ, ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿ ಜೋರಾಗಿದ್ದಾಗ.

"ಅಪ್ಪ ಬಂದೋರ ಹತ್ರ ಎಲ್ಲ ಹೇಳ್ತಿದಾರೆ ಅಮ್ಮ. ಕಾಲೂ ತೆಗ್ಸಿದ್ಲು, ಈಗ ಬಿಟ್ಟೂ ಹೋದ್ಲು ಅಂತ. ನಂಗೆ ಕೇಳಕ್ಕಾಗ್ತಿಲ್ಲ. ನೀನ್ ಬಂದ್ಬಿಟ್ರೆ ಆ ಮಾತು ನಿಲ್ಲುತ್ತೆ."

"ನೀನು ಒಂದು ಮಾತಾಡಿದ್ರೂ ನಿಲ್ತದೆ."

ಸಿದ್ದಲಕ್ಷ್ಮಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು.

"ಕ್ಲಾಸಿಗೆ ಟೈಮಾಯ್ತು ಅಮ್ಮ. ಆಮೇಲೆ ಮಾಡ್ತೀನಿ" ಎಂದಳು ಅಕ್ಷತಾ.

ಆ ದಿನ ಮಾಡಲಿಲ್ಲ. ಆ ವಾರವೂ ಮಾಡಲಿಲ್ಲ. ಸಿದ್ದಲಕ್ಷ್ಮಮ್ಮ ಹುಲಿಯೂರುದುರ್ಗದಲ್ಲೇ ಉಳಿದಳು.