ಶಾಯಿ, ಪೇಸ್ಟು, ಆಲೂಗಡ್ಡೆ

ನಮ್ಮ ಮನೆಯಲ್ಲಿ ಯಾರಾದರೂ ಕೈ ಸುಟ್ಟುಕೊಂಡರೆ ಗುಳ್ಳೆ ಏಳುವ ಮೊದಲೇ ಜಗಳ ಏಳುತ್ತದೆ. ನನ್ನ ಗಂಡ ಬಸ್ ಮೆಕ್ಯಾನಿಕ್. ಬಿಸಿ ಸೈಲೆನ್ಸರ್ ಮುಟ್ಟಿ ಮುಟ್ಟಿ ಅವನಿಗೆ ಟೂತ್‌ಪೇಸ್ಟ್ ಮೇಲೆ ಅಪಾರ ಭಕ್ತಿ ಬಂದುಬಿಟ್ಟಿದೆ. ಹಲ್ಲಿಗಿಂತ ಮುಂಗೈಗೇ ಹೆಚ್ಚು ಬಳಿಯುತ್ತಾನೆ. ಮಾವ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಶಾಯಿಯಿಂದ ಸರಿಹೋಗದ ತಪ್ಪು ಜಗತ್ತಿನಲ್ಲೇ ಇಲ್ಲವೆಂದು ನಂಬಿರುವ ಅವರು ಸುಟ್ಟ ಗಾಯಕ್ಕೂ ಅದನ್ನೇ ಸುರಿಯುತ್ತಾರೆ. ಮಹಡಿ ಮನೆಯ ಟೈಲರಮ್ಮನದು ಹಸಿ ಆಲೂಗಡ್ಡೆ. ಇಸ್ತ್ರಿಪೆಟ್ಟಿಗೆ ತಗುಲಿದಾಗಲೆಲ್ಲ ಒಂದು ಬಿಲ್ಲೆ ಕತ್ತರಿಸಿ ಕೈಗೆ ಕಟ್ಟಿಕೊಳ್ಳುತ್ತಾರೆ.

ಇವರೆಲ್ಲರ ಮೇಲೆ ಮುಖ್ಯ ವೈದ್ಯೆ ನಮ್ಮತ್ತೆ. ಅವರದು ಬೆಣ್ಣೆ. ಅಡುಗೆಮನೆಯಲ್ಲಿ ಸುಟ್ಟದ್ದು ಅಡುಗೆಮನೆಯಲ್ಲೇ ವಾಸಿಯಾಗಬೇಕು ಎನ್ನುವುದು ಅವರ ವಾದ. ನಾನು ಈ ಮನೆಗೆ ಬಂದ ಹೊಸದರಲ್ಲಿ ನನ್ನ ಬೆರಳುಗಳು ಬ್ರೆಡ್ಡಿಗಿಂತ ಹೆಚ್ಚು ಬೆಣ್ಣೆ ಕಂಡಿವೆ.

ಇಂಥ ಅತ್ತೆಯ ಅಧಿಕಾರಕ್ಕೆ ಈಚೆಗೆ ಕುತ್ತು ಬಂದಿತ್ತು. ಅವರ ಕಣ್ಣು ಮಂಜಾಗುತ್ತಿತ್ತು, ಅವರು ಒಪ್ಪುತ್ತಿರಲಿಲ್ಲ. ಕಳೆದ ತಿಂಗಳು ಪಾತ್ರೆ ಹಿಡಿಯುವ ಬಟ್ಟೆಗೆ ಬೆಂಕಿ ತಗುಲಿದಾಗ ನನ್ನ ಗಂಡ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟ: ಇನ್ನೊಂದು ಸಲ ಹೀಗಾದರೆ ಅಮ್ಮ ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. ಅತ್ತೆ ಅವತ್ತು ಊಟ ಮಾಡಲಿಲ್ಲ. ಒಲೆ ಬಿಟ್ಟ ಮೇಲೆ ಈ ಮನೆಯಲ್ಲಿ ನನಗೇನು ಕೆಲಸ ಎಂದು ಮಾವನನ್ನು ಕೇಳಿದ್ದು ನನ್ನ ಕಿವಿಗೂ ಬಿತ್ತು.

ಅಂದು ಭಾನುವಾರ ಮಧ್ಯಾಹ್ನ. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಗಿ ಓಡಿದರೆ, ನೆಲದ ಮೇಲೆ ಹಾಲಿನ ಪಾತ್ರೆ ಬೋರಲಾಗಿದೆ. ಅತ್ತೆ ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಒಂದೇ ಒಂದು ಟೊಮೆಟೊ ತೊಳೆಯುತ್ತಿದ್ದಾರೆ. ತೊಳೆದದ್ದೇ ತೊಳೆದದ್ದು. ನಾನು ಹತ್ತಿರ ಹೋಗಿ ನೋಡಿದೆ. ಟೊಮೆಟೊ ಒಂದು ಕೈಯಲ್ಲಿ ಸುಮ್ಮನೆ ಕೂತಿತ್ತು. ನೀರು ಬೀಳುತ್ತಿದ್ದದ್ದು ಇನ್ನೊಂದು ಅಂಗೈಯ ಮೇಲೆ. ಆ ಅಂಗೈ ಟೊಮೆಟೊಗಿಂತ ಕೆಂಪಗಿತ್ತು.

ಬೆಣ್ಣೆ ತರಲೆಂದು ಫ್ರಿಜ್ ಕಡೆ ತಿರುಗಿದೆ.

"ಬೆಣ್ಣೆ ಗಿಣ್ಣೆ ಏನೂ ಬೇಡ," ಎಂದರು ಅತ್ತೆ ಮೆಲ್ಲಗೆ. "ಅದು ಹಚ್ಚಿದ್ರೆ ಶಾಖ ಒಳಗೇ ಉಳ್ಕೊಳ್ಳುತ್ತೆ. ಸುಟ್ಟದ್ದಕ್ಕೆ ತಣ್ಣೀರೇ ಸರಿ. ಬಾಗಿಲು ಮುಂದೆ ಮಾಡು."

"ಮತ್ತೆ ಇಷ್ಟು ವರ್ಷ ನನಗೆ ಹಚ್ಚಿದ್ರಲ್ಲ ಅತ್ತೆ?"

"ನೀರಲ್ಲಿ ಕೈ ಇಟ್ಕೋ ಅಂದ್ರೆ ಯಾರು ಕೇಳ್ತಾರೆ? ಔಷಧಿ ಅಂದ್ರೆ ಎಲ್ರಿಗೂ ಡಬ್ಬಿಯಿಂದಾನೇ ಬರಬೇಕು. ಅದಕ್ಕೆ ಮೊದಲು ಕೈ ತೊಳ್ಕೋ ಅಂತಿದ್ದೆ. ಬೆಣ್ಣೆ ಹುಡುಕೋ ನೆಪದಲ್ಲಿ ಹೊತ್ತು ಕಳೀತಿದ್ದೆ."

ಆಗ ನೆನಪಾಯಿತು. ಬೇರೆ ದಿನ ಕಣ್ಣಿಗೆ ರಾಚುವ ಹಾಗೆ ಎದುರಿಗೇ ಇರುತ್ತಿದ್ದ ಬೆಣ್ಣೆ ನನ್ನ ಕೈ ಸುಟ್ಟ ದಿನ ಮಾತ್ರ ಎಷ್ಟು ಹೊತ್ತಾದರೂ ಸಿಗುತ್ತಿರಲಿಲ್ಲ. ಕೊನೆಗೆ ಹಚ್ಚುತ್ತಿದ್ದದ್ದು ಹೆಸರಿಗಷ್ಟೆ. ನಾನು ಪೆಚ್ಚಾದೆ, ಅತ್ತೆಯ ಮೇಲೆ ಅಕ್ಕರೆಯೂ ಬಂತು.

ಅಷ್ಟರಲ್ಲಿ ಟ್ಯಾಂಕು ಖಾಲಿಯಾಗುತ್ತಿದೆಯೆಂದು ಗೊಣಗುತ್ತ ಮಾವ ಬಂದರು. ಬೆನ್ನಿಗೇ ನನ್ನ ಗಂಡ. ಅವನು ನೆಲದ ಮೇಲಿನ ಹಾಲು ನೋಡಿದ, ಪಾತ್ರೆ ನೋಡಿದ, ಕೊನೆಗೆ ಅಮ್ಮನ ಬೆನ್ನು ನೋಡಿದ. "ಯಾರ ಕೈ ಸುಟ್ಟಿದ್ದು?" ಎಂದ. ಅತ್ತೆಯ ಹೆಗಲು ಕುಗ್ಗಿತು. ಸದಾ ಎಲ್ಲರ ಬಾಯಿ ಮುಚ್ಚಿಸುವ ಆ ಹೆಂಗಸು ಹಾಗೆ ಕುಗ್ಗಿದ್ದನ್ನು ನೋಡಲು ನನ್ನಿಂದಾಗಲಿಲ್ಲ.

"ನಂದು," ಎಂದೆ.

ತಗೊಳ್ಳಿ, ಮೂರೂ ಪಕ್ಷಗಳು ನನ್ನ ಮೇಲೆ ಮುಗಿಬಿದ್ದವು. ಎಲ್ಲಿ ಸುಟ್ಟಿದೆ ಎಂದೂ ನೋಡದೆ ಗಂಡ ಪೇಸ್ಟಿನ ಟ್ಯೂಬನ್ನು ಅರ್ಧಕ್ಕರ್ಧ ಹಿಂಡಿದ. ಅದು ಒಣಗುವ ಮೊದಲೇ ಮಾವ ಶಾಯಿ ಬಾಟಲಿ ಬಗ್ಗಿಸಿದರು. ಗದ್ದಲ ಕೇಳಿ ಇಳಿದುಬಂದ ಟೈಲರಮ್ಮ, ಇಬ್ಬರಿಗೂ ಬುದ್ಧಿಯಿಲ್ಲವೆಂದು ಬೈದು, ಎಲ್ಲದರ ಮೇಲೆ ಆಲೂಗಡ್ಡೆ ಬಿಲ್ಲೆಗಳನ್ನು ಜೋಡಿಸಿ ಅಳತೆ ತೆಗೆದಂತೆ ಅಚ್ಚುಕಟ್ಟಾಗಿ ಪಟ್ಟಿ ಸುತ್ತಿದರು. ಉರಿ ಕಡಿಮೆಯಾಯಿತೇ ಎಂದು ಮೂವರೂ ಕೇಳಿದರು. ಈಗ ಸ್ವಲ್ಪವೂ ಇಲ್ಲ ಎಂದೆ. ಇಷ್ಟು ಅಪ್ಪಟ ಸತ್ಯವನ್ನು ನಾನು ಗಂಡನ ಹತ್ತಿರ ಹೇಳಿದ್ದು ಕಡಿಮೆ. ಈ ಗಲಾಟೆಯಲ್ಲಿ ಅತ್ತೆಯ ಕಡೆ ಯಾರೂ ತಿರುಗಲಿಲ್ಲ. ಅವರು ಬೇಕಾದಷ್ಟು ಹೊತ್ತು ನೀರಿನಲ್ಲಿ ಕೈಯಿಟ್ಟುಕೊಂಡು, ಆಮೇಲೆ ಒದ್ದೆ ಬಟ್ಟೆಯಲ್ಲಿ ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಮೂವರೂ ಹಾಜರು. ಕೈಯಲ್ಲಿ ಒಂದು ಗುಳ್ಳೆಯಿಲ್ಲ, ಕಲೆಯಿಲ್ಲ. ನೀಲಿ ಬಣ್ಣ ಮಾತ್ರ ಜಪ್ಪಯ್ಯ ಎಂದರೂ ಹೋಗಲೊಲ್ಲದು. ಬಣ್ಣ ನಿಂತದ್ದೇ ಶಾಯಿಯ ಗುಣಕ್ಕೆ ಸಾಕ್ಷಿ ಎಂದರು ಮಾವ. ಪೇಸ್ಟಿನ ತಂಪು ಎಂದ ಗಂಡ. ತಮ್ಮ ಆಲೂಗಡ್ಡೆಯಿಲ್ಲದಿದ್ದರೆ ಈ ಹುಡುಗಿಯ ಗತಿಯೇನು ಎಂದು ಟೈಲರಮ್ಮ ಕೇಳಿದರು. ಕಾಫಿ ಆರಿಹೋಗುವ ತನಕ ವಾದ ನಡೆಯಿತು. ಬೆಣ್ಣೆಯ ಪರವಾಗಿ ಒಂದು ಮಾತೂ ಬರದಿದ್ದದ್ದನ್ನು ಕಂಡು ಮಾವ ಹೆಂಡತಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ಅತ್ತೆ ತುಟಿ ಕಚ್ಚಿಕೊಂಡು ಕೂತಿದ್ದರು. ಅಷ್ಟು ಹೊತ್ತು ಬಾಯಿಬಿಡದೆ ಕೂರುವುದು ಅವರಿಗೆ ಸುಟ್ಟದ್ದಕ್ಕಿಂತ ದೊಡ್ಡ ಶಿಕ್ಷೆಯಾಗಿರಬೇಕು.

ಕೊನೆಗೆ ನನ್ನ ಗಂಡ ತೀರ್ಪು ಕೊಟ್ಟ. ನನಗೆ ಮೈಮೇಲೆ ಎಚ್ಚರ ಸಾಲದು, ಇನ್ನು ಮುಂದೆ ಒಲೆ ಅಮ್ಮನ ಸುಪರ್ದಿಯಲ್ಲೇ ಇರಲಿ ಎಂದ. ನಾನು ನಗು ತಡೆದುಕೊಂಡು ತಲೆಯಾಡಿಸಿದೆ. ಎಲ್ಲರೂ ಅವರವರ ಕೆಲಸಕ್ಕೆ ಹೋದರು.

ಗೆದ್ದ ಖುಷಿ ಅತ್ತೆಯ ಮುಖದಲ್ಲಿರಲಿಲ್ಲ. ಮೇಜಿನ ಮೇಲೆ ಅಂಗೈ ಬಿಡಿಸಿಟ್ಟರು. ಕೆಂಪು ತಿಳಿಯಾಗಿತ್ತು, ಒಂದು ಕಡೆ ಸಣ್ಣ ಗುಳ್ಳೆಯಿತ್ತು. ನನ್ನ ನೀಲಿ ಕೈಯನ್ನು ಎಳೆದು ಅದರ ಪಕ್ಕ ಇಟ್ಟುಕೊಂಡರು. ಬೆಣ್ಣೆಯಿಲ್ಲದೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

"ಒಲೆ ಆರಿಸಿದೀನಿ ಅಂದ್ಕೊಂಡೇ ಪಾತ್ರೆಗೆ ಕೈ ಹಾಕ್ದೆ ಕಣೇ. ಉರೀತಿರೋದು ಕಾಣ್ಲೇ ಇಲ್ಲ," ಎಂದರು.

ತಾವು ಅಡುಗೆ ಮಾಡುವಾಗ ಇನ್ನೊಬ್ಬರ ನೆರಳು ಬಿದ್ದರೂ ಸಿಡುಕುತ್ತಿದ್ದ ಅತ್ತೆ ಎದ್ದು ಒಲೆಯ ಮುಂದೆ ನಿಂತರು. ಆಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಬಾ ಇಲ್ಲಿ. ಇವತ್ತಿಂದ ಬೆಂಕಿ ನೀನು ನೋಡ್ಕೋ. ರುಚಿ ನಾನು ನೋಡ್ಕೋತೀನಿ."