ರೇಂಜರ್ ಬಂದಿದ್ದಾರೆ

"ಒಂದು ಹಾಲ್ ತುಂಬ ನಮ್ಮ ಜನರನ್ನು ಕೂರಿಸಿ, ಅವರೆದುರು ನಿಮ್ಮನ್ನು ನಿಲ್ಲಿಸಿ, ನೀವು ಯಾರು ಅಂತ ಗೊತ್ತು ಮಾಡಿಸ್ತೇನೆ" ಎಂದು ಇವರು ಲೆಮಾಯನ್‌ಗೆ ಮಾತು ಕೊಟ್ಟದ್ದು ನಮ್ಮ ಮದುವೆಗೂ ಮೊದಲು, ಕೀನ್ಯಾದ ಒಂದು ಬಯಲಿನಲ್ಲಿ, ಮೊಬೈಲ್ ಟವರಿನ ಬುಡದಲ್ಲಿ. ಮಾತು ಕೊಡುವಾಗ ಇವರು ಟವರಿನಿಂದ ಆಗಷ್ಟೇ ಇಳಿದಿದ್ದರಂತೆ.

ಇವರು ಎಂದರೆ ನನ್ನ ಗಂಡ ಲತೇಶ್. ಆಗ ಅಲ್ಲಿ ಟವರ್ ಕಂಪನಿಯ ಇಂಜಿನಿಯರ್. ಒಂದು ದಿನ ಆನೆಮರಿಯೊಂದು ಬೇಲಿಯ ಕಂಡಿಯಲ್ಲಿ ನುಸುಳಿ ಟವರಿನ ಆವರಣಕ್ಕೆ ಬಂತು. ತಾಯಿಗೆ ನುಸುಳಲಾಗಲಿಲ್ಲ. ಅದು ಬೇಲಿಯ ಸುತ್ತ ಘೀಳಿಡುತ್ತ ತಿರುಗತೊಡಗಿತು. ಒಳಗೆ ಮರಿಯೊಂದಿಗೆ ಉಳಿದ ಇವರು ಟವರ್ ಹತ್ತಿದರು.

ಆಗ ಬಂದವರು ಲೆಮಾಯನ್. ಸರ್ಕಾರದವರಲ್ಲ, ಊರಿನವರೇ ಸೇರಿ ಕಟ್ಟಿಕೊಂಡ ಕಾವಲು ಪಡೆಯ ರೇಂಜರ್. ಬೇಟೆಗಾರರಿಂದ ಆನೆಯನ್ನು ಕಾಯುವುದೂ ಅವರೇ, ಆನೆಯಿಂದ ಊರಿನ ಜೋಳವನ್ನು ಕಾಯುವುದೂ ಅವರೇ. ಬಂದವರು ಹಿಂದಿನ ಗೇಟನ್ನು ಅಗಲಕ್ಕೆ ತೆರೆದು, ದೂರ ಹೋಗಿ ಮರದಡಿ ಕುಳಿತುಬಿಟ್ಟರು.

"ಓಡಿಸಿ ಮಾರಾಯ್ರೆ!" ಎಂದು ಇವರು ಮೇಲಿಂದ ಕೂಗಿದ್ದು ತುಳುವಿನಲ್ಲಿ. ಗಾಬರಿಯಲ್ಲಿ ಇಂಗ್ಲಿಷ್ ಎಲ್ಲಿಂದ ಬರಬೇಕು?

ಮರಿ ತಾನಾಗಿ ಗೇಟಿನಿಂದ ಹೊರಬಂತು, ತಾಯಿ ಅದನ್ನು ಸೊಂಡಿಲಿನಿಂದ ತಡವಿತು, ಎರಡೂ ಹೋದವು. ಕೆಳಗಿಳಿದ ಇವರಿಗೆ ಲೆಮಾಯನ್ ಹೇಳಿದ್ದು ಇಷ್ಟೇ: "ಓಡಿಸಿದರೆ ಸಿಟ್ಟು ಬರುತ್ತದೆ. ಅವಕ್ಕೆ ಎಲ್ಲಿ ಹೋಗಬೇಕೋ ಆ ಬಾಗಿಲು ತೆರೆದಿಡಬೇಕು." ನಿಮಗೆ ಏನು ಕೊಡಲಿ ಎಂದು ಇವರು ಕೇಳಿದಾಗ, "ಆನೆಯ ಫೋಟೋ ಎಲ್ಲರೂ ನೋಡುತ್ತಾರೆ. ಅದನ್ನು ಕಾಯುವವರು ಇದ್ದೇವೆ ಅಂತ ನಿಮ್ಮವರಿಗೊಮ್ಮೆ ಹೇಳಿ" ಎಂದರಂತೆ. ಮಾತು ಹುಟ್ಟಿದ್ದು ಹಾಗೆ.

ಆಮೇಲೆ ನಾವು ಮೆಲ್ಬರ್ನಿಗೆ ಬಂದೆವು. ಟ್ರುಗನಿನಾದಲ್ಲಿ ಮನೆ, ಮಾರ್ಟ್‌ಗೇಜ್, ವೇರ್‌ಹೌಸಿನಲ್ಲಿ ನನ್ನ ಬೆಳಗಿನ ಶಿಫ್ಟ್, ಮಗಳು ನಿರೀಕ್ಷಾಳ ಈಜು ಕ್ಲಾಸು. ಮಾತು ಅಲ್ಲೇ ಉಳಿಯಿತು, ಕತೆ ಮಾತ್ರ ಬೆಳೆಯಿತು. ಪ್ರತಿ ಹುಟ್ಟುಹಬ್ಬದ ಪಾರ್ಟಿಗೂ ಇವರು ಟವರಿನಿಂದ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತ ಬಂದರು. ಈಗೀಗ ಲೆಮಾಯನ್ ಜತೆ ಹೆಗಲಿಗೆ ಹೆಗಲು ಕೊಟ್ಟು ಆನೆಯೆದುರೇ ನಿಂತಿದ್ದರು. ನಿರೀಕ್ಷಾ ಅದನ್ನೇ ಸ್ಕೂಲಿನಲ್ಲೂ ಹೇಳಿದ್ದಳು.

ಹೀಗಿರುವಾಗ ಕಳೆದ ಏಪ್ರಿಲ್‌ನಲ್ಲಿ ಲೆಮಾಯನ್ ಬಂದೇ ಬಿಟ್ಟರು. ವನ್ಯಜೀವಿ ಸಂಸ್ಥೆಯೊಂದು ಅವರನ್ನು ಆಸ್ಟ್ರೇಲಿಯಾಕ್ಕೆ ಕರೆಸಿತ್ತು. ನಮ್ಮಲ್ಲಿ ಉಳಿದು, ನೀರುದೋಸೆ ಕೋಳಿಸಾರು ಉಂಡು, ಕೈ ತೊಳೆಯುವಾಗ ಮೆಲ್ಲನೆ ಕೇಳಿದರು: "ಆ ಹಾಲ್ ಎಲ್ಲಿದೆ ಲತೇಶ್?"

ಇವರ ಮುಖ ಸಪ್ಪಗಾಯಿತು. ಅಷ್ಟರಲ್ಲಿ ನಿರೀಕ್ಷಾ, "ಅಂಕಲ್, ಪಪ್ಪ ಆನೆಯನ್ನು ಹೆದರಿಸುವಾಗ ನೀವು ಇದ್ರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇದ್ದೆನಲ್ಲ. ಅವತ್ತು ನಿನ್ನ ಪಪ್ಪ ನಮ್ಮೆಲ್ಲರಿಗಿಂತ ಎತ್ತರದಲ್ಲಿದ್ದರು."

ಮಗಳು ಹಿಗ್ಗಿದಳು. ನಾನು ಸಿಂಕಿನ ಕಡೆ ತಿರುಗಿ ನಗು ನುಂಗಿದೆ.

ಸ್ಕೂಲಿಗೆ ರಜೆ. ಮೆಲ್ಬರ್ನಿನ ನಮ್ಮವರೆಲ್ಲ ಊರಿಗೋ ಗೋಲ್ಡ್ ಕೋಸ್ಟಿಗೋ ಹೋಗಿದ್ದರು. ಇವರು ಫೋನ್ ಹಿಡಿದು ಮನೆಯೆಲ್ಲ ತಿರುಗಿದರು. ಕೊನೆಗೆ ಸಿಕ್ಕಿದ್ದು ಸಿಡ್ನಿಯ ಭಾಸ್ಕರ. ಬೆಂಗಳೂರಿನವನು, ನಾರ್ವೆಸ್ಟ್‌ನಲ್ಲಿ ಆಫೀಸು, ಅಲ್ಲಿನ ಕನ್ನಡ ಬಳಗದ ಸಕಲ ಕಾರ್ಯಕ್ರಮಗಳಿಗೂ ಮೈಕು ಅವನದೇ.

"ಭಾನ್ವಾರ ಎಪ್ಪಿಂಗ್‌ನಲ್ಲಿ ನಮ್ ಫ್ಯಾಮಿಲಿ ಡೇ ಇದೆ ಗುರು, ಬಂದ್ಬಿಡು. ಹಾಲ್ ಫುಲ್ ಆಗತ್ತೆ. ಊಟಕ್ ಮುಂಚೆ ಸ್ಲಾಟ್ ನಿಂದು. ಇಂಟ್ರೋ ನಂಗ್ ಬಿಡು, ಸಕತ್ತಾಗ್ ಕೊಡ್ತೀನಿ."

ಅದೇ ಸಂಜೆ ಸಿಡ್ನಿಯಿಂದ ಲೆಮಾಯನ್ ವಾಪಸು ಹೊರಡುವವರು. ಇದು ತಪ್ಪಿದರೆ ಇನ್ನಿಲ್ಲ.

ಸಿಡ್ನಿಗೆ ವಿಮಾನದಲ್ಲಿ ಹೋಗಿ, ಬಾಡಿಗೆ ಕಾರಿನಲ್ಲಿ ನಾವು ತಲುಪುವಾಗ ಭಾನುವಾರ ಹಾಲ್ ನಿಜಕ್ಕೂ ತುಂಬಿತ್ತು. ಲೆಮಾಯನ್ ಹಸಿರು ಯೂನಿಫಾರ್ಮ್, ತೋಳಿಗೆ ಪಟ್ಟಿ, ಟೋಪಿ, ಬೂಟು ಹಾಕಿ ಹಿಂದಿನ ಬಾಗಿಲಲ್ಲಿ ನಿಂತರು. ಮಕ್ಕಳ ಕುಣಿತ ಮುಗಿಯುತ್ತಲೇ ಭಾಸ್ಕರ ಮೈಕು ಹಿಡಿದ.

"ದಯವಿಟ್ಟು ಎಲ್ರೂ ಕೇಳಿ! ರೇಂಜರ್ ಬಂದಿದ್ದಾರೆ!"

ಕುತೂಹಲ ಹೆಚ್ಚಲಿ ಎಂದು ಅಲ್ಲಿಗೆ ನಿಲ್ಲಿಸಿದ. ಅದೇ ತಪ್ಪಾಯಿತು. ಜನ ತಿರುಗಿ ನೋಡಿದರೆ ಬಾಗಿಲಲ್ಲಿ ಯೂನಿಫಾರ್ಮ್.

"ಅಯ್ಯೋ, ನನ್ ಗಾಡಿ ನೇಚರ್ ಸ್ಟ್ರಿಪ್ ಹುಲ್ಲಿನ್ ಮೇಲಿದೆ ಕಣ್ರೀ!"

"ಪ್ರತಾಪ್, ಕೀ ಎಲ್ಲೋ? ಯಾರದೋ ಡ್ರೈವ್‌ವೇಗೆ ಅಡ್ಡ ಹಾಕಿದೀಯಲ್ಲೋ!"

"ಟೂ ಅವರ್ ಪಾರ್ಕಿಂಗ್ ಯಾವಾಗ್ಲೋ ಮುಗ್ದೋಯ್ತು, ನಡೀರಿ ನಡೀರಿ!"

ಕುರ್ಚಿಗಳು ಉರುಳಿದವು, ಸೀರೆಗಳು ಸರ್ರೆಂದವು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಾಲ್ ಖಾಲಿ. ಭಾಸ್ಕರನೂ ಮೈಕನ್ನು ಕುರ್ಚಿಯ ಮೇಲಿಟ್ಟು ಓಡಿದ್ದ.

ಉಳಿದವರು ನಾವು, ಅಡುಗೆಯ ನೀಲಕ್ಕ, ರೈಲಿನಲ್ಲಿ ಬಂದಿದ್ದರಿಂದ ಯಾವ ಚಿಂತೆಯೂ ಇಲ್ಲದ ಜಯಲಕ್ಷ್ಮಿ ಆಂಟಿ, ಮತ್ತು ಸ್ಟೇಜಿನ ಮೇಲೆ ನವಿಲಿನ ವೇಷದಲ್ಲೇ ಮರೆತುಹೋದ ಭಾಸ್ಕರನ ಮಗಳು ಸಾನ್ವಿ.

"ನಿಮ್ಮ ಜನ ಬಹಳ ಜೋರು ಓಡುತ್ತಾರೆ" ಎಂದರು ಲೆಮಾಯನ್.

"ಇಲ್ಲಿ ರೇಂಜರ್ ಅಂದ್ರೆ ಪಾರ್ಕಿಂಗ್ ಫೈನ್ ಹಾಕೋ ಕೌನ್ಸಿಲ್‌ನೋರು ಕಣಪ್ಪ" ಎಂದು ಜಯಲಕ್ಷ್ಮಿ ಆಂಟಿ ಇವರಿಗೆ ಹೇಳಿದರು. "ನಿಮ್ ಮೆಲ್ಬರ್ನ್‌ನಲ್ಲಿ ಹಂಗಲ್ವಾ?"

ಅಲ್ಲ. ನಮ್ಮಲ್ಲಿ ಅವರಿಗೆ ಬೇರೆ ಹೆಸರು.

ಇವರು ಹೊರಗೆ ಧಾವಿಸಿ, "ಬನ್ನಿ ಮಾರಾಯ್ರೆ! ಇವರು ಆನೆ ರೇಂಜರ್!" ಎಂದು ಕೂಗಿದರು. ಹಿಂದೆಯೇ ಲೆಮಾಯನ್ ಬಂದದ್ದು ಕಂಡು, ಇನ್ನೂ ಹೊರಡದ ಕಾರುಗಳೂ ಹೊರಟವು. ಇಡೀ ಕನ್ನಡ ಬಳಗ ಬ್ಲಾಕಿಗೆ ಸುತ್ತು ಹಾಕತೊಡಗಿತು.

ಇವರು ಮೆಟ್ಟಿಲ ಮೇಲೆ ಕುಸಿದರು. "ಇಷ್ಟು ವರ್ಷ ಬಿಟ್ಟು ಒಂದು ಹಾಲ್ ತುಂಬಿಸಿದೆ. ಅದನ್ನೂ ಖಾಲಿ ಮಾಡಿದೆ."

ಲೆಮಾಯನ್ ಟೋಪಿ ತೆಗೆದು ಪಕ್ಕದಲ್ಲಿ ಕುಳಿತರು. "ಕೂಗಬೇಡ. ಇವರಿಗೆ ಎಲ್ಲಿ ಹೋಗಬೇಕು ಅಂತ ಆಸೆ, ಅದು ಹೇಳು."

ನಾನೇ ಹೇಳಿದೆ: "ಊಟಕ್ಕೆ."

ಲೆಮಾಯನ್ ಬಗ್ಗಿ ಒಂದಷ್ಟು ಒಣಹುಲ್ಲು ಕಿತ್ತು ಗಾಳಿಗೆ ಬಿಟ್ಟು ದಿಕ್ಕು ನೋಡಿದರು. ಅದು ರಸ್ತೆಯ ಕಡೆ ಹಾರಿತು. ಮತ್ತೆ ನಡೆದದ್ದೆಲ್ಲ ಬೇಗ. ಬಿಸಿಬೇಳೆಬಾತಿನ ಪಾತ್ರೆಯನ್ನು ನಾವೆಲ್ಲ ಹಿಡಿದು ಮುಂಬಾಗಿಲಿಗೆ ತಂದೆವು. ನೀಲಕ್ಕ ಅಲ್ಲೇ ಸ್ಟವ್ ಹೊತ್ತಿಸಿ ತುಪ್ಪ ಕಾಯಿಸಿ ಸಾಸಿವೆ, ಇಂಗು, ಬ್ಯಾಡಗಿ ಮೆಣಸು ಹಾಕಿದಳು. ಘಮ್ಮೆಂದಿತು.

ಲೆಮಾಯನ್ ಸೀನಿದರು. "ನಮ್ಮಲ್ಲಿ ಮೆಣಸಿನ ಹೊಗೆ ಹಾಕಿದರೆ ಆನೆ ಹೊಲ ಬಿಟ್ಟು ಹೋಗುತ್ತದೆ."

ಅದನ್ನು ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ನೀಲಕ್ಕ, "ನಮ್ಮೋರು ತಟ್ಟೆ ಹಿಡ್ಕೊಂಡ್ ಬರ್ತಾರೆ, ನೋಡ್ತಿರಿ" ಎಂದಳು.

ಮೊದಲು ಬಂದವಳು ಭಾಸ್ಕರನ ಹೆಂಡತಿ, "ಸಾನ್ವಿ! ಪುಟ್ಟಾ!" ಎಂದು ಕೂಗುತ್ತ, ಒಂದೇ ಕಾಲಿಗೆ ಚಪ್ಪಲಿ.

"ಮರಿ ಒಳಗಿದೆ, ತಾಯಿ ಬಂದೇ ಬರುತ್ತಾಳೆ ಅಂದುಕೊಂಡಿದ್ದೆ. ಅಡ್ಡ ನಿಲ್ಲಬೇಡಿ" ಎಂದು ಲೆಮಾಯನ್ ನಮ್ಮನ್ನು ಪಕ್ಕಕ್ಕೆ ಸರಿಸಿ, ತಾವು ಹಾಲಿನ ಕೊನೆಯ ಕುರ್ಚಿಗೆ ಹೋಗಿ ಕುಳಿತರು.

ಅವಳ ಹಿಂದೆ ಅಜ್ಜಿಯರು, ಮಕ್ಕಳು, ಆಮೇಲೆ ಕೀ ಜೇಬಿಗೆ ಹಾಕಿಕೊಳ್ಳುತ್ತ ಗಂಡಸರು. ಭಾಸ್ಕರ ಕೊನೆಗೆ ಬಂದ. "ಸಾರಿ ಗುರು, ರಿಫ್ಲೆಕ್ಸು." ಬಾಗಿಲಲ್ಲೇ ತಟ್ಟೆ ತುಂಬಿದ್ದರಿಂದ ಯಾರಿಗೂ ಒಳಗೆ ಹೋಗಿ ಕೂರದೆ ಬೇರೆ ದಾರಿಯಿರಲಿಲ್ಲ.

ಹಾಲ್ ತುಂಬಿತು. ಇವರು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು.

"ಅವತ್ತು ನಾನು, ಲೆಮಾಯನ್, ಹೆಗಲಿಗೆ ಹೆಗಲು ಕೊಟ್ಟು..."

"ಪಪ್ಪ" ಎಂದಳು ಮುಂದಿನ ಸಾಲಿನಿಂದ ನಿರೀಕ್ಷಾ. ಅಷ್ಟು ದಿನ ಅವಳ ತಲೆಯಲ್ಲಿ ಏನು ಓಡುತ್ತಿತ್ತೋ. "ಎಲ್ಲರಿಗಿಂತ ಎತ್ತರ ಅಂದ್ರೆ... ವರ್ ಯೂ ಅಪ್ ದ ಟವರ್?"

ಇವರು ನನ್ನನ್ನು ನೋಡಿದರು. ನಾನು ಬಾತು ತಿನ್ನುತ್ತಿದ್ದೆ.

"ಹೌದು ಮಗಾ. ಟವರಿನ ತುದಿಯಲ್ಲಿದ್ದೆ" ಎಂದರು. "ಕೆಳಗೆ ಇದ್ದದ್ದು ಇವರು."

ಮಗಳು ನಕ್ಕುಬಿಟ್ಟಳು. ಅವಳಿಂದ ಇಡೀ ಹಾಲ್ ನಕ್ಕಿತು. ಆ ನಗುವಿನ ನಡುವೆ ಲೆಮಾಯನ್ ಎದ್ದು ಬಂದು ಮೈಕು ತೆಗೆದುಕೊಂಡರು. ತಮ್ಮ ಊರು, ರಾತ್ರಿಯ ಗಸ್ತು, ಜೋಳದ ಹೊಲ ಕಳೆದುಕೊಂಡೂ ಆನೆಯ ಮೇಲೆ ಭರ್ಜಿ ಎಸೆಯದ ನೆರೆಯವರು, ಕಾವಲಿಗೆ ಹೋಗಿ ಹಿಂತಿರುಗದ ಗೆಳೆಯ ಒಬ್ಬ, ಎಲ್ಲ ಹೇಳಿದರು. ಬಾತು ಆರಿದರೂ ಯಾರೂ ಏಳಲಿಲ್ಲ. ಕೊನೆಯಲ್ಲಿ ಪ್ರತಾಪ್ ಮಾತ್ರ ಕೈಯೆತ್ತಿ, "ಸರ್, ಹಾಗಾದ್ರೆ ನೀವು ಫೈನ್ ಹಾಕಲ್ಲ, ಗ್ಯಾರಂಟೀನಾ?" ಎಂದು ಕೇಳಿದ.

ಅವತ್ತು ಫೈನ್ ಬಿದ್ದದ್ದು ಒಂದೇ ಕಾರಿಗೆ, ಓಡಬೇಕೆಂದು ಗೊತ್ತಿಲ್ಲದ ಮೆಲ್ಬರ್ನಿನವರ ಬಾಡಿಗೆ ಕಾರಿಗೆ. ಚೀಟಿಯನ್ನು ಇವರು ಏರ್‌ಪೋರ್ಟಿನಲ್ಲಿ ಲೆಮಾಯನ್‌ಗೆ ತೋರಿಸಿದರು.

ಹಾಲ್ ತುಂಬಿತ್ತು. ಲೆಮಾಯನ್ ಯಾರೆಂದು ಎಲ್ಲರಿಗೂ ಗೊತ್ತಾಯಿತು. ಇವರು ಕೊಟ್ಟ ಮಾತು ಉಳಿಯಿತು.